ಅತ್ತೆಯ ಇರುವೆ ಕಾನೂನು

ಊರೆಲ್ಲ ಚಪ್ಪಾಳೆ ತಟ್ಟಿ ನೋಡಿದ ಸಿನಿಮಾವೊಂದನ್ನು ಫೇಲು ಮಾಡಿದ ಏಕೈಕ ಮಹಿಳೆ ನಮ್ಮ ಸೋದರತ್ತೆ. ಸಿನಿಮಾ ಚೆನ್ನಾಗಿಲ್ಲ ಅಂತ ಬೈದವರು ಬೇಕಾದಷ್ಟು ಜನ ಇರಬಹುದು. ಆದರೆ ನೂರಕ್ಕೆ ಹನ್ನೆರಡು ಅಂಕ ಕೊಟ್ಟು, "ಮುಂದಿನ ವರ್ಷ ಚೆನ್ನಾಗಿ ಓದ್ಕಂಡು ಬರಕ್ಕೇಳು" ಅಂತ ಟೀವಿಗೆ ಬೆರಳು ತೋರಿಸಿ ಗದರಿಸಿದವರು ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ಇಬ್ಬರೂ ಒಂದೇ ಊರಿನಲ್ಲಿ ಇರದಂತೆ ನೋಡಿಕೊಳ್ಳೋಣ!

ಅದು ನಡೆದದ್ದು ಒಂದು ಭಾನುವಾರದ ಮಧ್ಯಾಹ್ನ, ತಮಿಳುನಾಡಿನ ಗಡಿಯ ಹೊಸೂರಿಗೆ ಅಂಟಿಕೊಂಡ ಮೂಕಂಡಪಲ್ಲಿಯ ನಮ್ಮ ಮನೆಯ ಹಾಲಿನಲ್ಲಿ. ಅಪ್ಪ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ನನ್ನ ಹೆಂಡತಿ ನೆಲದ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಎರಡನೇ ಕ್ಲಾಸಿನ ಮಗಳು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಿದ್ದಳು. ನಾನು ಗೋಡೆಗೊರಗಿ ನಿದ್ದೆಗೂ ಎಚ್ಚರಕ್ಕೂ ನಡುವಿನ ಗಡಿಯಲ್ಲಿದ್ದೆ. (ಗಡಿಯಲ್ಲೇ ಹುಟ್ಟಿ ಬೆಳೆದವನಿಗೆ ಅದೇನು ಕಷ್ಟ!)

ಅತ್ತೆ ಅಪ್ಪನಿಗೆ ಅಕ್ಕ. ಕನ್ನಡ ಶಾಲೆಯಲ್ಲಿ ವಿಜ್ಞಾನದ ಟೀಚರಾಗಿ ನಿವೃತ್ತರಾದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಬೇರಿಕೆಯ ಹತ್ತಿರ ಮಾವನ ಕಾಲದ ಒಂದು ತುಂಡು ಹೊಲವಿದೆ. ಅಲ್ಲಿನ ಗಂಡ ಹೆಂಡತಿ ಇಬ್ಬರ ಕೈಲಿ ಅದರಲ್ಲಿ ಅವರೆ, ಕೊತ್ತಂಬರಿ ಹಾಕಿಸುತ್ತಾರೆ. ವಾರಕ್ಕೊಮ್ಮೆ ಒಬ್ಬರೇ ಬಸ್ಸು ಹತ್ತಿ ಹೋಗಿ, ಸಂಜೆಗೆ ಸೀರೆಯ ಅಂಚಿಗೆಲ್ಲ ಮಣ್ಣು ಮಾಡಿಕೊಂಡು ಬರುವುದು ಅವರ ವ್ರತ. ಹೋದ ಮಳೆಗಾಲದಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಕಟ್ಟು ಬಿಚ್ಚಿದ ದಿನವೇ ಅಪ್ಪ ತೀರ್ಪು ಕೊಟ್ಟರು.

"ಅಕ್ಕ, ಇನ್ಮೇಲೆ ನೀನು ಬೇರಿಕೆಗೆ ಹೋಗಂಗಿಲ್ಲ. ಮನೇಲಿದ್ಕಂಡು ಮಗೀನ ನೋಡ್ಕ."

ಅತ್ತೆ ಏನೂ ಮಾತಾಡಲಿಲ್ಲ. ಒಪ್ಪಿಕೊಂಡರು ಅಂದುಕೊಂಡೆವು. ಎಂಥ ದಡ್ಡರು ನಾವು! ಟೀಚರು ಮೌನವಾಗಿದ್ದಾರೆ ಅಂದರೆ ಪ್ರಶ್ನೆಪತ್ರಿಕೆ ತಯಾರಾಗುತ್ತಿದೆ ಅಂತ ಅರ್ಥ. ಅಷ್ಟು ವರ್ಷ ಶಾಲೆಗೆ ಹೋಗಿ ಏನು ಕಲಿತೆವೋ!

ಸರಿ, ಟೀವಿಗೆ ಬರೋಣ. ಇಂಗ್ಲಿಷ್ ಸಿನಿಮಾ, ತಮಿಳು ಮಾತು. ಹೀರೋ ಇರುವೆಯಷ್ಟು ಚಿಕ್ಕವನಾಗಿ, ರೆಕ್ಕೆಯಿದ್ದ ಇರುವೆಯೊಂದರ ಬೆನ್ನೇರಿ, "ವಾಡಾ ತಂಬಿ!" ಅಂತ, ಅಂದರೆ ಬಾರೋ ತಮ್ಮ ಅಂತ, ಅದರ ಕುತ್ತಿಗೆ ತಟ್ಟಿದ.

"ತಂಬಿಯಂತೆ ತಂಬಿ!" ಅತ್ತೆ ನೆಟ್ಟಗೆ ಕೂತರು. "ಇರುವೆ ಗೂಡಲ್ಲಿ ದುಡಿಯೋವೆಲ್ಲಾ ಹೆಣ್ಣು ಕಣ್ರೋ. ತಂಗಚ್ಚಿ ಅನ್ನಕ್ಕೇಳು ಅವನ್ಗೆ."

"ಅದಕ್ಕೆ ರೆಕ್ಕೆ ಐತಲ್ಲ ಅಜ್ಜಿ?" ಮಗಳ ಪ್ರಶ್ನೆ.

"ಜಾಣೆ! ಕೆಲಸದ ಇರುವೆಗೆ ರೆಕ್ಕೆ ಇರಾಕಿಲ್ಲ. ರೆಕ್ಕೆ ಇರೋದು ಗಂಡಿಗೆ, ಇಲ್ಲಾಂದ್ರೆ ಮುಂದೆ ರಾಣಿ ಆಗೋ ಹೆಣ್ಣಿಗೆ. ಗಂಡು ಹಾರ್ತದೆ, ಮದುವೆ ಆಯ್ತದೆ, ಸಾಯ್ತದೆ. ಮುಗೀತು ಅದರ ಕತೆ. ದಿನಾ ಬೆಳಿಗ್ಗೆ ಇವನ್ನ ಡ್ಯೂಟಿಗೆ ಬಿಡಕ್ಕೆ ಅದೇನು ಕಂಪನಿ ಬಸ್ಸಾ?"

ಮುಂದೆ ಹೀರೋ ತಲೆಗೊಂದು ಯಂತ್ರ ಹಾಕಿಕೊಂಡು ಇರುವೆಗಳಿಗೆ ಅಪ್ಪಣೆ ಕೊಟ್ಟ. ಅವು ವಾಸನೆಯಲ್ಲಿ ಮಾತಾಡುತ್ತವೆ, ಇವನ ಕೂಗಾಟ ಯಾವ ಇರುವೆಗೆ ಬೇಕು ಅಂತ ಅಲ್ಲೊಂದಿಷ್ಟು ಅಂಕ ಹೋಯಿತು. ಆಮೇಲೆ ಒಂದು ಇರುವೆ ಊದಿಕೊಂಡು ಎಮ್ಮೆಯಷ್ಟಾಯಿತು. ಅತ್ತೆ ಹಣೆ ಚಚ್ಚಿಕೊಂಡರು.

"ತನಗಿಂತ ಎಷ್ಟೋ ಪಾಲು ಭಾರ ಹೊರ್ತದೆ ಅಂತ ಎಲ್ರೂ ಬಾಯಿ ಬಿಡ್ತೀರಲ್ಲ, ಅದು ಚಿಕ್ಕದಾಗಿರೋದ್ಕೇ ಹೊರೋದು. ಎಮ್ಮೆ ಗಾತ್ರ ಮಾಡಿದ್ರೆ ತನ್ನ ಮೈಯೇ ತನಗೆ ಹೊರೆ. ಆ ಕಾಲು ಲಟಕ್ಕನೆ ಮುರೀತವೆ. ಉಸಿರಾಡಕ್ಕೆ ಮೂಗಿಲ್ಲ, ಪಕ್ಕೇಲಿ ಸಣ್ಣ ಸಣ್ಣ ತೂತು. ಅಷ್ಟು ದೊಡ್ಡ ಮೈಗೆ ಆ ಗಾಳಿ ಎಲ್ಲಿಗೆ ಸಾಕಾಯ್ತದೆ?"

ಅಪ್ಪ ಪೇಪರು ಇಳಿಸಿದರು. "ಅಕ್ಕ, ಸಿನಿಮಾ ಕಣಕ್ಕ ಇದು. ಮನುಷ್ಯ ಇರುವೆಯಷ್ಟಾಗಿದ್ದು ಒಪ್ಕಂಡೆ, ಇರುವೆ ಎಮ್ಮೆಯಷ್ಟಾದ್ರೆ ಒಪ್ಪಾಕಿಲ್ವಾ?"

"ಮನುಷ್ಯ ಚಿಕ್ಕೋನಾಗೋದನ್ನ ನಾನು ದಿನಾ ನೋಡ್ತೀನಿ ಕಣ್ಲಾ. ಅದ್ರಲ್ಲೇನು ಆಶ್ಚರ್ಯ?"

ಹೆಂಡತಿಯ ಕೈಲಿದ್ದ ಅವರೆಕಾಯಿ ಜಾರಿ ಬಿತ್ತು. ಅಪ್ಪ ಪೇಪರಿನ ಹಿಂದೆ ಮತ್ತೆ ಮರೆಯಾದರು. ನೀರಿಗೆ ಬಿದ್ದ ಇರುವೆಗಳು ಕಾಲಿಗೆ ಕಾಲು ಹೆಣೆದು ತೆಪ್ಪದಂತೆ ತೇಲಿದ ದೃಶ್ಯ ಬಂದಾಗ ಮಾತ್ರ ಅತ್ತೆ ತಲೆದೂಗಿ, "ಇದು ನಿಜ, ಅಂಥ ಜಾತಿ ಐತೆ" ಅಂದರು. ಆ ಹನ್ನೆರಡು ಅಂಕ ಬಂದದ್ದು ಇಲ್ಲಿಂದಲೇ.

ಕೊನೆಗೆ ಯುದ್ಧ. ಇರುವೆಗಳ ದಂಡು ಸಾಲಾಗಿ ಹೊರಟಿತು.

"ಈ ದಂಡಲ್ಲಿ ಇರೋರು ಯಾರು, ಹೇಳು ನೋಡಾನ?" ಅತ್ತೆ ಮಗಳನ್ನು ಕೇಳಿದರು. "ಮರಿಗಳಿಗೆ ಉಣ್ಸೋದು, ಗೂಡು ಗುಡ್ಸೋದು ಎಲ್ಲಾ ಎಳೇ ಇರುವೆಗಳ ಕೆಲಸ. ವಯಸ್ಸಾಯ್ತಾ ಆಯ್ತಾ ಅವು ಬಾಗಿಲ ಕಡೀಗೆ ಬತ್ತವೆ. ಹೊರಗೆ ತಿರುಗಿ ಕಾಳು ತರೋದು, ಜಗಳಕ್ಕೆ ನಿಲ್ಲೋದು..."

ಅಲ್ಲಿಗೆ ಮಾತು ನಿಂತಿತು. ನಾನು ಕಣ್ಣು ಬಿಟ್ಟೆ. ಅತ್ತೆ ಟೀವಿ ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದರು.

"ಮುದುಕೀರು," ಅಂದರು. "ಹೊರಗೆ ಹೋಗೋರು ಮುದುಕೀರು ಕಣ್ಲಾ! ನಾಳೆಯಿಂದ ಈ ಮನೇಲಿ ಇರುವೆ ಕಾನೂನು."

ಮರುದಿನವೇ ಕಾನೂನು ಜಾರಿಗೆ ಬಂತು. ಎಳೆಯರು ಒಳಗೆ, ಹಿರಿಯರು ಹೊರಗೆ. ಮಗಳಿಗೆ ಜಡೆ ಹಾಕುವುದು, ಮೊಸರನ್ನ ಕಲಸಿ ಡಬ್ಬಿಗೆ ತುಂಬುವುದು ನನ್ನ ಪಾಲಿಗೆ ಬಂದವು. ನಾನು ಹಾಕಿದ ಜಡೆ ನೋಡಿ ಮಗಳ ಟೀಚರು, "ಮನೆಯಲ್ಲಿ ಏನಾದರೂ ತೊಂದರೆಯಾ?" ಅಂತ ಫೋನು ಮಾಡಿದರು. ನನ್ನ ಹೆಂಡತಿಯಾದರೋ ಕಾನೂನು ಪ್ರಕಟವಾದ ಗಳಿಗೆಯಲ್ಲೇ ಅತ್ತೆಯ ಪಕ್ಷ ಸೇರಿದ್ದಳು. "ವಿಜ್ಞಾನಕ್ಕೆ ಎದುರಾಡಬಾರದು ರೀ" ಅಂತ ನನಗೆ ಉಪದೇಶ ಬೇರೆ!

ಅಪ್ಪ ಜಗ್ಗಲಿಲ್ಲ. ವಿಜ್ಞಾನಕ್ಕೆ ಭೂಗೋಳದಿಂದ ಉತ್ತರ ಕೊಟ್ಟರು.

"ಸಾನಮಾವು ಕಾಡಿಂದ ಆನೆ ಬತ್ತಾವಂತೆ. ಪೇಪರಲ್ಲಿ ಐತೆ ನೋಡು."

"ಸಾನಮಾವು ಎಲ್ಲಿ, ಬೇರಿಕೆ ಎಲ್ಲಿ? ಆ ಆನೆ ನನ್ನ ನೋಡಕ್ಕೇಂತ ಹೊಸೂರಲ್ಲಿ ಬಸ್ಸು ಬದಲಾಯ್ಸ್ಕಂಡು ಬತ್ತದೇನ್ಲಾ?"

ಅಪ್ಪ ಅಂಥ ಅಕ್ಕನಿಗೇ ತಮ್ಮ. ಹಟದಲ್ಲಿ ಒಂದು ಕೂದಲೆಳೆ ಕಮ್ಮಿಯಿಲ್ಲ. ಬೇರಿಕೆಯ ಮಾತು ಬಂದಾಗಲೆಲ್ಲ ಅವರು ಅಕ್ಕನ ಮಣಿಕಟ್ಟಿನ ಕಡೆ ನೋಡಿ "ಆಗಾಕಿಲ್ಲ" ಅನ್ನುವರು. ಅತ್ತೆ ಆ ಕೈಯನ್ನೇ ಮುಂದೆ ಚಾಚಿ ಬೆರಳು ಮಡಿಸಿ, ಬಿಚ್ಚಿ ತೋರಿಸುವರು. ಒಂದು ದಿನ ಅಡುಗೆಮನೆಯ ಕಟ್ಟೆಯ ಮೇಲೆ ಹೊರಟಿದ್ದ ಇರುವೆ ಸಾಲನ್ನು ಒದ್ದೆ ಬೆರಳಿನಿಂದ ನಡುವೆ ಒರೆಸಿ, ಅಪ್ಪನನ್ನು ಕೈ ಹಿಡಿದು ಎಳೆದುಕೊಂಡು ಬಂದರು. ಇರುವೆಗಳು ಅಲ್ಲಿಗೆ ಬಂದು, ಮೀಸೆಯಾಡಿಸಿ, ಹಿಂದೆ ಮುಂದೆ ಓಡಾಡಿ, ಸ್ವಲ್ಪ ಹೊತ್ತಿಗೆ ಸಕ್ಕರೆ ಡಬ್ಬಿಯ ಹಿಂದಿನಿಂದ ಸುತ್ತಿ ಹೊರಟವು.

"ನೋಡ್ದಾ? ದಾರಿ ಅಳ್ಸಿದ್ರೆ ಇನ್ನೊಂದು ದಾರಿ."

"ನೋಡ್ದೆ. ಸಕ್ಕರೆ ಡಬ್ಬಿ ಮುಚ್ಚಳ ಸರಿಯಾಗಿ ಮುಚ್ಚಿ" ಅಂದು ಅಪ್ಪ ಹೊರಟೇಹೋದರು.

ಈ ನಡುವೆ ನಮ್ಮ ಹಿತ್ತಲಿಗೆ ಅಂಟಿಕೊಂಡ ಹಿಂದಿನ ಮನೆಯ ತಮಿಳಮ್ಮನ ಮಗನ ಮದುವೆ ಬಂತು. ಛತ್ರದ ವೇದಿಕೆಯ ಮೇಲೆ ಮುಯ್ಯಿ ಕೊಟ್ಟು ಫೋಟೋಗೆ ನಿಂತಾಗ ಅತ್ತೆ ವರನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಎಲ್ಲರೂ ಹರಸುವಂತೆ ಹರಸಿದ್ದರೆ ಅವರು ನಮ್ಮ ಅತ್ತೆ ಹೇಗಾಗುತ್ತಿದ್ದರು? "ಗಂಡಿರುವೆಗೆ ಮದುವೆ ಆದಮೇಲೆ ಆಯುಸ್ಸಿಲ್ಲ ಕಣಪ್ಪ. ನೀನು ಪುಣ್ಯವಂತ, ಮನುಷ್ಯನಾಗಿ ಹುಟ್ಟಿದ್ದೀಯ. ನೂರು ವರ್ಷ ಬಾಳು!" ವರನಿಗೆ ಅರ್ಥವಾಗಲಿಲ್ಲವೇನೋ ಅಂತ ತಮಿಳಿನಲ್ಲೊಮ್ಮೆ, ಪಕ್ಕದಲ್ಲಿದ್ದ ಹುಡುಗಿಯ ಅಜ್ಜಿಗೋಸ್ಕರ ತೆಲುಗಿನಲ್ಲೊಮ್ಮೆ ಹೇಳಿದರು. ಆ ಫೋಟೋದಲ್ಲಿ ವಧು ನಗುತ್ತಿದ್ದಾಳೆ. ವರ ಬಾಗಿಲು ಎಲ್ಲಿದೆ ಅಂತ ಹುಡುಕುತ್ತಿದ್ದಾನೆ!

ಮದುವೆ ಮುಗಿದ ವಾರವೇ ಅತ್ತೆ ಬೆಳಿಗ್ಗೆ ಸೀರೆಯುಟ್ಟು ಚೀಲ ಹಿಡಿದು ಸಿದ್ಧರಾದರು. ಅವರೆ ಹೂವಾಗಿ ಕಾಯಿ ಕಚ್ಚಿದೆಯಂತೆ, ಹುಳು ಬಿದ್ದಿದೆಯೋ ಏನೋ ನೋಡಬೇಕಂತೆ. ಅಪ್ಪ ಗೇಟಿಗೆ ಬೀಗ ಜಡಿದು, ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಗೇಟಿನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು. ಅತ್ತೆ ಚೀಲ ಹಿಡಿದೇ ಒಳಗೆ ಹೋದರು. ಗೆದ್ದೆ ಅಂತ ಅಪ್ಪ ಕಾಫಿ ತರಿಸಿಕೊಂಡು ಕುಡಿದರು.

ಮಧ್ಯಾಹ್ನ ಊಟಕ್ಕೆ ಕರೆದಾಗ ಅತ್ತೆ ಇರಲಿಲ್ಲ. ಹಿತ್ತಲ ಬಾಗಿಲಿಂದ ಹಿಂದಿನ ಮನೆಯ ತಮಿಳಮ್ಮನ ಅಡುಗೆಮನೆಗೆ ಹೋಗಿ, ಅವರು ಕೊಟ್ಟ ಇಡ್ಲಿ ತಿಂದು, ಅವರ ಮುಂಬಾಗಿಲಿಂದ ಆಚೆ ಬೀದಿಗೆ ಇಳಿದು, ಬೇರಿಕೆ ಮುಟ್ಟಿ ಎಷ್ಟೋ ಹೊತ್ತಾಗಿತ್ತು! ಸಂಜೆ ಚೀಲದ ತುಂಬ ಎಳೆ ಅವರೆಕಾಯಿ ಹೊತ್ತು ಗೇಟಿನ ಮುಂದೆಯೇ ಬಂದು ನಿಂತರು. ಬೀಗ ತೆಗೆಯಬೇಕಾದವರು ಅಪ್ಪನೇ.

"ಹೆಂಗೋದೆ?"

"ಪಾಠ ಮಾಡಿದ್ನಲ್ಲ ಅವತ್ತು? ನೀನು ಕೇಳಿಸ್ಕಳಾಕಿಲ್ಲ."

ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ. ಬೀಗ ತೆಗೆದವರೇ ಅಕ್ಕನ ಕೈಯಿಂದ ಚೀಲ ಕಿತ್ತುಕೊಂಡು ಒಳಗೆ ನಡೆದರು. ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟರು. ಒಂದೇ ಹಾಲಿನಲ್ಲಿ ಕೂತು ಮಗಳ ಕೈಲಿ ಹೇಳಿ ಕಳಿಸುವುದು.

"ಅಜ್ಜಿ, ಕೈ ನೋಯ್ತದಾ ಅಂತ ತಾತ ಕೇಳ್ತಾವ್ರೆ."

"ಇಲ್ಲ ಅನ್ನು."

"ಇಲ್ವಂತೆ ತಾತ."

"ಸುಳ್ಳು ಅನ್ನು."

ಇದನ್ನು ನೋಡಲಾರದೆ ಒಂದು ಸಂಜೆ ನಾನೇ ಅತ್ತೆಯ ಪಕ್ಕ ಕೂತು ಕೇಳಿದೆ. "ಅತ್ತೆ, ಅವರೆಕಾಯಿ ಇಲ್ಲಿ ಮಾರ್ಕೆಟ್ಟಲ್ಲೂ ಸಿಗ್ತದೆ. ಯಾಕೆ ಈ ಹಟ?"

ಅವರು ನಿಧಾನವಾಗಿ ಮಣಿಕಟ್ಟು ನೀವಿಕೊಂಡರು. "ಮನೇಲಿ ಕೂತಿದ್ರೆ ಎಲ್ರೂ ಬಂದು ಕೈ ಹೆಂಗೈತೆ ಅಂತ ನನ್ನ ಕೇಳ್ತೀರ. ಅಲ್ಲಿಗೋದ್ರೆ, ಅವರೆ ಹೆಂಗೈತೆ ಅಂತ ನಾನು ಕೇಳ್ತೀನಿ. ಅಷ್ಟೇ ಕಣಪ್ಪ."

ನನಗೆ ಆ ರಾಜಿ ಮಾಡಿಸುವ ಹುಚ್ಚು ಯಾಕೆ ಹಿಡಿಯಿತೋ! ಇರುವೆಗಳ ವಿಷಯ ಇನ್ನಷ್ಟು ತಿಳಿದುಕೊಂಡು ಅಪ್ಪನನ್ನು ಒಪ್ಪಿಸೋಣ ಅಂತ ಫೋನಿನಲ್ಲಿ ಓದಿದೆ. ಓದಿದ್ದನ್ನು ಊಟಕ್ಕೆ ಕೂತಾಗ, ಎಲ್ಲರ ತಟ್ಟೆಗೂ ಹಿದಕಬೇಳೆ ಸಾರು ಬಿದ್ದ ಮೇಲೆ, ದೊಡ್ಡ ಪಂಡಿತನಂತೆ ಹೇಳಲು ಶುರು ಮಾಡಿದೆ. ಅತ್ತೆ ಹೇಳಿದ್ದು ಸರಿ, ವಯಸ್ಸಾದ ಇರುವೆಗಳೇ ಹೊರಗೆ ಹೋಗುವುದು. ಯಾಕೆಂದರೆ ಹೊರಗೆ ಅಪಾಯ ಜಾಸ್ತಿ. ವಯಸ್ಸಾದವುಗಳ ಆಯುಸ್ಸು ಹೇಗೂ ಮುಗಿಯುತ್ತ ಬಂದಿರುತ್ತದೆ, ಸತ್ತರೂ ಗೂಡಿಗೆ ಅಷ್ಟು ನಷ್ಟವಿಲ್ಲ ಅಂತ...

ಹೇಳಿದ ಮೇಲೆ ಹೊಳೆಯಿತು, ಏನು ಹೇಳಿಬಿಟ್ಟೆ ಅಂತ. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಎಮ್ಮೆ ಗಾತ್ರದ ಇರುವೆಯೂ ಮುದುರಿಕೊಳ್ಳುತ್ತಿತ್ತು.

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಎಷ್ಟೋ ದಿನದ ಮೇಲೆ ನೇರವಾಗಿ ಕೇಳಿದರು.

"ಅಕ್ಕ, ಇದು ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಪಾಠ ಮಾಡ್ತೀನೇನ್ಲಾ?"

"ಗೊತ್ತಿದ್ದೂ ಹೋಯ್ತೀನಿ ಅಂತೀಯ."

"ಹೋಯ್ತೀನಿ."

ಅಪ್ಪ ತಟ್ಟೆ ನೋಡುತ್ತಾ ಕೂತರು. ಆಮೇಲೆ, ಯಾರಿಗೋ ಲೆಕ್ಕ ಒಪ್ಪಿಸುವವರಂತೆ ಮೆಲ್ಲಗೆ ಅಂದರು. "ಇರುವೆ ಗೂಡಲ್ಲಿ ಒಬ್ಳು ಮುದುಕಿ ಹೋದ್ರೆ ಅವಳ ಜಾಗಕ್ಕೆ ಇನ್ನೊಬ್ಳು ಬತ್ತಾಳೆ. ನಂಗೆ ಇನ್ನೊಬ್ಳು ಅಕ್ಕ ಎಲ್ಲವ್ಳೆ?"

ಅತ್ತೆ ಎದ್ದು ಅಪ್ಪನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಮುರಿದಿದ್ದ ಆ ಕೈಯಲ್ಲೇ ಬಿಟ್ಟರು. ಮಗಳು ಸೊರ್ರೆಂದು ಸಾರು ಕುಡಿದಳು.

ಕೆಲವು ದಿನಗಳಾದ ಮೇಲೆ ನಾನು ಶೂಳಗಿರಿಯ ಕಡೆಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ, ಬೆಳಿಗ್ಗೆ ಹೊಸೂರು ಬಸ್ ನಿಲ್ದಾಣದ ಹತ್ತಿರ ಇಳಿದೆ. ಬೇರಿಕೆ ಬಸ್ಸಿನ ಬಳಿ ಅತ್ತೆ ನಿಂತಿದ್ದರು. ಪಕ್ಕದಲ್ಲಿ ಅಪ್ಪ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅತ್ತೆಯ ಚೀಲವನ್ನು ಹೆಗಲಿಗೆ ನೇತುಹಾಕಿಕೊಂಡಿದ್ದರು. ನಾನು ಹೂವಿನವರ ಹಿಂದೆ ನಿಂತುಕೊಂಡೆ.

"ಪಾಟಿಮ್ಮಾ, ಏರುಂಗ, ಏರುಂಗ!" ಬೇಗ ಹತ್ತಿ ಅಜ್ಜಿ ಅಂತ ಕಂಡಕ್ಟರು ಅವಸರಪಡಿಸಿದ.

"ಇರಪ್ಪ, ಇರು!" ಅಪ್ಪ ಅವನನ್ನು ಗದರಿದರು.

ಅತ್ತೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಅಪ್ಪ ಕೆಳಗೆ ನಿಂತು ಎರಡೂ ಕೈಗಳನ್ನು ಅವರ ಬೆನ್ನ ಹಿಂದೆ ಚಾಚಿ ಹಿಡಿದಿದ್ದರು. ಮುಟ್ಟಿರಲಿಲ್ಲ. ಅಕ್ಕ ಒಳಗೆ ಹೋಗಿ ಕಿಟಕಿಯ ಪಕ್ಕ ಕೂತು, ಹೊರಗೆ ನೋಡಿ, "ಹತ್ಕಳ್ಲಾ, ಬಸ್ಸು ಹೊರಡ್ತದೆ" ಅನ್ನುವವರೆಗೂ ಆ ಕೈಗಳು ಹಾಗೆಯೇ ಇದ್ದವು. ಆಮೇಲೆ ಅಪ್ಪನೂ ಹತ್ತಿದರು. ಬಸ್ಸು ಹೊರಟಿತು.