ನನ್ನ ವಾಯುವೂ ಮಗಳ ಸಂಬಂಧವೂ

ಕೆಲವು ಕಾಯಿಲೆಗಳಿಗೆ ಸಮಾಜದಲ್ಲಿ ಮರ್ಯಾದೆ ಇದೆ, ಕೆಲವಕ್ಕೆ ಇಲ್ಲ. ಸಕ್ಕರೆ ಕಾಯಿಲೆ ಎಂದರೆ ಮದುವೆ ಮನೆಯಲ್ಲೂ ಬೇರೆ ಚಹಾ ತಂದುಕೊಡುತ್ತಾರೆ. ಹೃದಯದ ತೊಂದರೆ ಎಂದರೆ ಸಾಹೇಬರೂ ದನಿ ತಗ್ಗಿಸಿ ಮಾತಾಡುತ್ತಾರೆ. ಹೊಟ್ಟೆಯಲ್ಲಿ ವಾಯು ಎಂದು ಹೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ಔಷಧಿ ಹೇಳುತ್ತಾರೆ, ಕೊನೆಗೆ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸುತ್ತಾರೆ. ಆರು ವರ್ಷ ಇದನ್ನೇ ಅನುಭವಿಸಿದ ನನಗೆ ಬದುಕಿನಲ್ಲಿ ದೊಡ್ಡ ಆಸೆಗಳೇನೂ ಉಳಿದಿರಲಿಲ್ಲ. ದಿನಕ್ಕೊಂದು ತೇಗು ಸಲೀಸಾಗಿ ಬಂದರೆ ಸಾಕಾಗಿತ್ತು.

ದಾಂಡೇಲಿಯ ಮರದ ಡಿಪೋದಲ್ಲಿ ಗುಮಾಸ್ತನಾಗಿ ಕುರ್ಚಿ ಬಿಡದೆ ಕೂತದ್ದಕ್ಕೋ, ಎದುರಿನ ಅಂಗಡಿಯ ಮಿರ್ಚಿ ಭಜಿಗೋ, ಉಂಡ ಅರ್ಧ ಗಂಟೆಗೆ ಹುಳಿನೀರು ಗಂಟಲಿಗೆ ಬರುತ್ತಿತ್ತು. ಹೊಟ್ಟೆ ಉಬ್ಬಿ ಎದೆಯನ್ನು ಒತ್ತಿ, ಎಳೆದ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನ ಕಥೆ ಮುಗಿಯಿತೆಂದು ಹುಬ್ಬಳ್ಳಿಗೆ ಹೋದರೆ ಡಾಕ್ಟರರು ಎದೆಗೆಲ್ಲ ವೈರು ಹಚ್ಚಿ, ಉದ್ದನೆಯ ಕಾಗದ ನೋಡಿ, "ಎದಿ ಗಟ್ಟಿ ಐತ್ರಿ. ಹೊಟ್ಟಿ ಕಡೆ ನೋಡ್ಕೋರಿ" ಎಂದು ಕಳಿಸಿದರು. ಸಮಾಧಾನವಾಗಬೇಕಿತ್ತು. ನನಗೋ, ಗೌರವದ ಕಾಯಿಲೆಯೊಂದು ಕೈತಪ್ಪಿತಲ್ಲ ಎಂದು ಬೇಸರವೇ ಆಯಿತು.

ಆಮೇಲೆ ಜೋಯಿಡಾ ಕಡೆಯ ವೈದ್ಯರೊಬ್ಬರು ನಾಡಿ ಹಿಡಿದು, ಪಿತ್ತ ಕೆರಳಿದೆ, ವಾಯು ಕೆಳಗಿಳಿಯುವುದನ್ನು ಬಿಟ್ಟು ಮೇಲಕ್ಕೆ ಹೊರಟಿದೆ ಎಂದರು. ಚಹಾ, ಹಸಿಮೆಣಸಿನಕಾಯಿ, ಶೇಂಗಾ, ಬದನೆಕಾಯಿ ಎಲ್ಲ ಬಂದ್. ಬೆಳಿಗ್ಗೆ ಹವೀಜ, ಅಂದರೆ ಕೊತ್ತಂಬರಿ ಬೀಜ, ನೆನೆಸಿ ಸೋಸಿದ ನೀರು. ಊಟದ ಮೊದಲ ತುತ್ತಿಗೆ ತುಪ್ಪದಲ್ಲಿ ಕಲೆಸಿದ ಹಿಂಗಾಷ್ಟಕ ಚೂರ್ಣ, ಉಂಡ ಮೇಲೆ ಹುರಿದ ಅಜವಾನ, ಅಂದರೆ ಓಮಿನಕಾಳು, ಅದಕ್ಕೆ ಸೈಂಧವ ಉಪ್ಪು, ಅದಾದ ಮೇಲೆ ನೂರು ಹೆಜ್ಜೆ ನಡಿಗೆ. ನಾನು ಬಹಳ ಶಿಸ್ತಿನಿಂದ ಪಾಲಿಸಿದೆ. ಲೋಟ ಮುಂದೆ ಬಂದಾಗ ಕುಡಿದೆ, ಚೂರ್ಣ ಬಂದಾಗ ನುಂಗಿದೆ. ನಾಲ್ಕು ದಿನ ಹಗುರಾಗುತ್ತಿತ್ತು. ಐದನೆಯ ದಿನ ಭಜಿಯ ವಾಸನೆ ಡಿಪೋದೊಳಗೆ ಬರುತ್ತಿತ್ತು. ಮನುಷ್ಯ ಎಷ್ಟೆಂದು ತಡೆದುಕೊಂಡಾನು?

ಹೀಗಿರುವಾಗ ಮಗಳನ್ನು ನೋಡಲು ಮುಂಡಗೋಡದಿಂದ ಬರುತ್ತೇವೆಂದು ಹೇಳಿಕಳಿಸಿದರು. ಹುಡುಗ ಹೈಸ್ಕೂಲು ಮಾಸ್ತರ, ಒಬ್ಬನೇ ಮಗ. ಮಗಳು ಬಂಗೂರನಗರದಲ್ಲಿ ಕಾಲೇಜು ಮುಗಿಸಿ ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಬಂದ ಎರಡು ಸಂಬಂಧಗಳು ನಾನು ಏದುಸಿರು ಬಿಟ್ಟದ್ದನ್ನು ನೋಡಿಯೇ ಹಿಂದೆ ಸರಿದಿದ್ದವು. ಮನೆತನದಲ್ಲಿ ದಮ್ಮಿನ ರೋಗ ಇದೆಯಂತೆ ಎಂದು ಹಳಿಯಾಳದವರೆಗೂ ಸುದ್ದಿ ಹೋಗಿತ್ತು. ಇದೂ ತಪ್ಪಿದರೆ ನಾಲ್ಕನೆಯದು ಬರುವ ಭರವಸೆ ನಮಗ್ಯಾರಿಗೂ ಇರಲಿಲ್ಲ. ಹೆಂಡತಿ ಹಿಂದಿನ ದಿನವೇ ತಾಕೀತು ಮಾಡಿದಳು: "ಕೊಟ್ಟಿದ್ದು ಸುಮ್ಮನ ತಿನ್ರಿ. ಪಥ್ಯ ಗಿಥ್ಯ ಅಂತ ಬಾಯಿ ಬಿಡಬ್ಯಾಡ್ರಿ. ತೇಗಂತೂ ಬ್ಯಾಡ್ರಿ."

ಭಾನುವಾರ ಬೆಳಿಗ್ಗೆ ಹುಡುಗ, ಅವನ ತಂದೆ, ತಾಯಿ ಬಂದರು. ಉಪ್ಪಿಟ್ಟು, ಶಿರಾ, ಚಹಾ. ಉಪ್ಪಿಟ್ಟಿನಲ್ಲಿ ನನ್ನ ವೈರಿಗಳೆಲ್ಲ ಒಟ್ಟಿಗೇ ಇದ್ದರು, ಶೇಂಗಾ, ಹಸಿಮೆಣಸಿನಕಾಯಿ, ಮೇಲೆ ಲಿಂಬೆಹುಳಿ. ಮಗಳಿಗಾಗಿ ತಿಂದೆ. ಹತ್ತು ನಿಮಿಷಕ್ಕೆ ಹೊಟ್ಟೆ ಮೇಲೇರಿತು. ಅವರು ಕೇಳಿದ್ದಕ್ಕೆಲ್ಲ "ಹೌದ್ರಿ", "ಇಲ್ರಿ" ಎಂದು ತುಂಡು ಮಾತಿನಲ್ಲಿ ಸಾಗಿಸಿದೆ. ಮಗಳು ಚಹಾದ ತಾಟು ಹಿಡಿದು ಬಂದು, ನಮಸ್ಕಾರ ಮಾಡಿ ಕೂರುವ ಹೊತ್ತಿಗೆ ನನ್ನ ಉಸಿರು ಕಟ್ಟಿ ಕಣ್ಣಲ್ಲಿ ನೀರು ಬಂತು.

"ಯಾಕ್ರೀ, ಉಸುರು ಹಿಡದಂಗ ಕಾಣ್ತದ? ದಮ್ಮು ಗಿಮ್ಮು ಐತೇನ್ರಿ?" ಎಂದರು ಹುಡುಗನ ತಂದೆ.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಯ ಮುಖ ಬಿಳಿಚಿಕೊಂಡಿತು. ಮೂರನೆಯದೂ ಹೋಯಿತು ಎಂದುಕೊಂಡು, ಇನ್ನು ಮುಚ್ಚಿಟ್ಟು ಫಲವೇನೆಂದು, "ದಮ್ಮಲ್ರಿ, ಪಿತ್ತ. ವಾಯು" ಎಂದುಬಿಟ್ಟೆ. ಅದರ ಹಿಂದೆಯೇ ಆರು ವರ್ಷದಲ್ಲೇ ಅತಿ ದೊಡ್ಡ ತೇಗೊಂದು ಬಂತು.

ಅವರು ಎದ್ದು ಹೋಗಲಿಲ್ಲ. ಹತ್ತಿರ ಸರಿದರು! "ನಿಮಗೂ ಐತೇನ್ರಿ?" ಎಂದು ನನ್ನ ಕೈ ಹಿಡಿದರು. ಆಗ ನೋಡಿದೆ, ಅವರ ತಾಟಿನ ಉಪ್ಪಿಟ್ಟು ಹಾಗೆಯೇ ಇತ್ತು. "ಎಂಟು ವರ್ಷಾತ್ರಿ. ಮನ್ಯಾಗ ಯಾರೂ ನಂಬೂದಿಲ್ಲ."

ಮುಂದಿನ ಎರಡು ತಾಸು ಹೇಗೆ ಕಳೆದವೋ ತಿಳಿಯದು. ಉಂಡ ಮೇಲೆ ನೂರು ಹೆಜ್ಜೆ ಎಂದು ನಾನು, ಎಡ ಮಗ್ಗುಲಿಗೆ ಮಲಗಬೇಕು ಎಂದು ಅವರು. ಜಮಖಾನದ ಮೇಲೆ ಎಡಕ್ಕೆ ಹೊರಳಿ ಮಲಗಿಯೇ ತೋರಿಸಿದರು. ನಾನೂ ಪಕ್ಕದಲ್ಲಿ ಮಲಗಿ ನೋಡಿದೆ. ಔಷಧಿಯೆಲ್ಲ ಮಗಳೇ ಮಾಡಿಕೊಡುತ್ತಾಳೆ ಎಂದು ನಾನು ಹೇಳಿದ್ದೇ ತಡ, ಮಲಗಿದಲ್ಲಿಂದಲೇ ಅವರು ಅವಳನ್ನು ಕೇಳಿದರು: "ಅಜವಾನ ಎಷ್ಟು ಹುರೀತೀಯವಾ? ಹವೀಜ ಅಬಡ-ಜಬಡ ಕುಟ್ಟೂದೋ, ಹಂಗ ಇಡೂದೋ?" ಅವಳು ತಲೆ ತಗ್ಗಿಸಿ ಎಲ್ಲ ಹೇಳಿದಳು. ಹುಡುಗ ಇಡೀ ದಿನದಲ್ಲಿ ಒಂದೇ ಮಾತಾಡಿದ: "ಒಮ್ಮೆ ಹುರದ್ರ ಎಷ್ಟು ದಿನ ಇಡಾಕ ಬರ್ತೈತ್ರಿ?" ಹೊರಡುವಾಗ ತಂದೆ ನನ್ನ ಬೆನ್ನು ತಟ್ಟಿ, "ಇಂಥಾ ಹುಡುಗೀನ ನಮ್ಮ ಮನಿಗೆ ಬೇಕಾಗಿತ್ತು ನೋಡ್ರಿ. ನಮ್ಮ ಕಡಿಂದ ಪಕ್ಕಾ" ಎಂದರು. ಬದುಕಿನಲ್ಲಿ ಮೊದಲ ಸಲ ನನ್ನ ವಾಯು ಒಂದು ಕೆಲಸಕ್ಕೆ ಬಂತಲ್ಲ ಎಂದು ಹಿಗ್ಗಿದೆ.

ಬಸ್ಸಿಗೆ ಹತ್ತಿಸಿ ಬಂದಾಗ ಮಗಳು ತಾಟು ತೊಳೆಯುತ್ತಿದ್ದಳು. "ನಾ ಒಲ್ಲೆ ಅಪ್ಪಾ" ಎಂದಳು.

"ಯಾಕವಾ? ಹುಡುಗ ಚೊಲೋ ಅದಾನ, ನೌಕರಿ ಐತಿ..."

"ಕನ್ಯಾ ನೋಡಾಕ ಬಂದವರು ಹೆಸರರೆ ಕೇಳ್ತಾರ. ಇವರು ಅದನ್ನೂ ಕೇಳಲಿಲ್ಲ. ಕೇಳ್ಲಿಲ್ಲಂತ ನಿಮಗೂ ಗೊತ್ತಾಗ್ಲಿಲ್ಲ." ನಲ್ಲಿ ನಿಲ್ಲಿಸಿದಳು. "ಕಾಲೇಜಿಗೆ ಹೋಗೂವಾಗಿಂದ ಇಲ್ಲಿ ಹುರದೀನಿ. ಇನ್ನ ಅಲ್ಲಿ ಹೋಗಿ ಹುರೀಲೇನು?"

ನನ್ನ ಎದೆಯಲ್ಲಿ ಏನೋ ಅಡ್ಡ ನಿಂತಿತು. ಅದನ್ನು ಉಪ್ಪಿಟ್ಟಿನ ಮೇಲೆ ಹಾಕಲು ಮನಸ್ಸು ಒಪ್ಪಲಿಲ್ಲ. "ಆತವಾ, ನಾಳೆ ಎಸ್‌ಟಿಡಿ ಬೂತಿಗೆ ಹೋಗಿ ಇಲ್ಲಂತ ಹೇಳಿಬಿಡ್ತೇನಿ" ಎಂದೆ. ಅವಳು ತಲೆಯಾಡಿಸಿ ಹಿತ್ತಲಿಗೆ ಹೋದಳು.

ಇನ್ನು ಮುಂದೆ ನನ್ನ ಔಷಧಿ ನಾನೇ ಮಾಡಿಕೊಳ್ಳಬೇಕೆಂದು ಆ ಕ್ಷಣವೇ ಶಪಥ ಮಾಡಿ ಅಡುಗೆಮನೆಗೆ ನುಗ್ಗಿದೆ. ಗೋಡೆಯ ಉದ್ದಕ್ಕೂ ಒಂದೇ ತರಹದ ಡಬ್ಬಿಗಳು. ಒಂದರಲ್ಲಿ ಜೀರಿಗೆ, ಒಂದರಲ್ಲಿ ಸಾಸಿವೆ, ಒಂದರಲ್ಲಿ ಗುಂಡುಪಿನ್ನು. ಆರು ವರ್ಷ ಹೊತ್ತಿಗೆ ಸರಿಯಾಗಿ ತಿಂದವನಿಗೆ ಅಜವಾನ ಎಲ್ಲಿರುತ್ತದೆ ಎಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಹೊಟ್ಟೆ ಮತ್ತೆ ಉಬ್ಬಿ ಉಸಿರು ಸಿಕ್ಕಿಹಾಕಿಕೊಂಡಿತು. ತಡೆದೆ, ನಿಜವಾಗಿ ತಡೆದೆ. ಕೊನೆಗೆ ಹಿತ್ತಲ ಕಡೆ ತಿರುಗಿ, "ಶೈಲಾ..." ಎಂದು ಕೂಗಿದೆ. ಅಂದು ನಮ್ಮ ಮನೆಯಲ್ಲಿ ಅವಳ ಹೆಸರು ಕೇಳಿಬಂದದ್ದು ಅದೇ ಮೊದಲು. ಅದೂ ಅಜವಾನಕ್ಕಾಗಿ.