ಗಡಿಯಾರದಂಗಡಿಗೆ ತೆರಿಗೆಯವರು ಬಂದದ್ದು

ಕ್ಷೌರದ ಕುರ್ಚಿಯಲ್ಲಿ ಕೂತು ಸರ್ಕಾರದ ಕಾಗದ ಒಡೆಯಬಾರದು. ಈ ಬುದ್ಧಿಮಾತನ್ನು ಗಡಿಯಾರದಂಗಡಿಯವನಿಗೆ ಯಾರೂ ಹೇಳಿರಲಿಲ್ಲ. ಅವತ್ತು ಬೆಳಿಗ್ಗೆ ಬಾಗಿಲು ತೆಗೆಯುವಾಗ ಹೊಸ್ತಿಲ ಮೇಲೆ ಒಂದು ಲಕೋಟೆ ಬಿದ್ದಿತ್ತು. ಅದನ್ನು ಜೇಬಿಗೆ ಸೇರಿಸಿ, ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಎದುರಿನ ಕ್ಷೌರದಂಗಡಿಗೆ ಹೋಗಿ ಕೂತ. ಎಡಗಡೆಯ ಕೂದಲು ಮುಗಿದು ಕತ್ತರಿ ಬಲಗಡೆಗೆ ತಿರುಗುವ ಹೊತ್ತಿಗೆ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವನ ಹಾಗೆ, ಲಕೋಟೆ ಹರಿದ.

ಕ್ಷೌರಿಕ ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುವ ಅಕ್ಷರ ಓದುವುದರಲ್ಲಿ ಪಳಗಿದವನು. ಕಾಗದದ ಒಡೆಯ ಮೊದಲ ಸಾಲು ಮುಗಿಸುವಷ್ಟರಲ್ಲಿ ಅವನು ಸಹಿಯವರೆಗೆ ಮುಟ್ಟಿದ್ದ.

"ತೆರಿಗೆ ತನಿಖೆ!" ಎಂದ. ಆ ದನಿ ಪಕ್ಕದ ಹೊಲಿಗೆಯಂಗಡಿಯ ಯಂತ್ರದ ಸದ್ದನ್ನೂ ದಾಟಿ ಒಳಗೆ ಹೋಯಿತು. "ಇವತ್ತೇ ಬರ್ತಾರಂತೆ! ಕಾಗದ ಎಲ್ಲೋ ಅಲೆದಾಡಿ ತಡವಾಗಿ ಬಂದಿದೆ."

"ಬರ್ಲಿ ಬಿಡಪ್ಪ. ನನ್ನ ಲೆಕ್ಕ ಎಲ್ಲಾ ನೆಟ್ಟಗಿದೆ."

"ಅದೇ ಅಪಾಯ. ನೆಟ್ಟಗಿರೋ ಮರಕ್ಕೇ ಮೊದಲ ಕೊಡಲಿ ಏಟು. ಏಳು, ಏಳು!" ಎಂದು ಕ್ಷೌರಿಕ ಬಿಳಿ ಬಟ್ಟೆ ಕಿತ್ತು ಅವನನ್ನು ಎಬ್ಬಿಸಿಯೇ ಬಿಟ್ಟ. ಬಲಗಡೆಯ ಕೂದಲು ಹಾಗೇ ಉಳಿಯಿತು. ಎಡಗಡೆಯಿಂದ ನೋಡಿದರೆ ಗುಮಾಸ್ತ, ಬಲಗಡೆಯಿಂದ ನೋಡಿದರೆ ಸನ್ಯಾಸಿ.

ನಿಜ ಹೇಳಬೇಕೆಂದರೆ ಗಡಿಯಾರದವನು ಹೆದರಲು ಕಾರಣವೇ ಇರಲಿಲ್ಲ. ಶಾಲೆಗಳಿಗೆ, ಕಚೇರಿಗಳಿಗೆ ಗೋಡೆ ಗಡಿಯಾರ ಒದಗಿಸುತ್ತಿದ್ದ, ಕೆಟ್ಟದ್ದನ್ನು ರಿಪೇರಿ ಮಾಡುತ್ತಿದ್ದ. ತೆರಿಗೆ ಕಟ್ಟುವಾಗ ಎಲ್ಲಿ ಕಡಿಮೆಯಾಗಿಬಿಡುತ್ತದೋ ಎಂದು ಪ್ರತಿ ಸಲವೂ ಕೈ ಸಡಿಲಬಿಟ್ಟು ಒಂದಿಷ್ಟು ಹೆಚ್ಚೇ ಕಟ್ಟುತ್ತಿದ್ದ. ಆದರೆ ಅಂಗಡಿಯೆಂದರೆ ಅವನಿಗೆ ಪ್ರಾಣ. ಬಾಗಿಲಿಗೆ ಸರ್ಕಾರದ ಮುದ್ರೆ ಬೀಳುವುದನ್ನು ಒಮ್ಮೆ ಮನಸ್ಸಿನಲ್ಲಿ ಕಂಡದ್ದೇ ಅವನ ಎದೆ ತನ್ನ ಗಡಿಯಾರಗಳಿಗಿಂತ ಜೋರಾಗಿ ಹೊಡೆಯತೊಡಗಿತು.

ಅಷ್ಟರಲ್ಲಿ ಯಾರೋ ಫೋನ್ ಮಾಡಿ ಅವನ ಭಾವನನ್ನೂ ಕರೆಸಿದ್ದರು. ಭಾವನೆಂದರೆ ಹೆಂಡತಿಯ ಅಣ್ಣ. ಹಿಂದೊಮ್ಮೆ ಅವನಿಗೂ ಇಂಥದೇ ಕಾಗದ ಬಂದಿತ್ತು, ಯಾಕೋ ಅಧಿಕಾರಿಗಳು ಬರಲೇ ಇಲ್ಲ. ಅಂದಿನಿಂದ ಈ ವಿದ್ಯೆಯಲ್ಲಿ ತಾನು ಪಂಡಿತ ಎಂದು ನಂಬಿಕೊಂಡಿದ್ದ.

"ಅವರು ಪುಸ್ತಕ ನೋಡಲ್ಲ, ಗೋಡೆ ನೋಡ್ತಾರೆ," ಎಂದ ಭಾವ, ಅಂಗಡಿಯ ನಡುವೆ ನಿಂತು. ಗೋಡೆಯ ತುಂಬ ಗಡಿಯಾರಗಳು ಥಳಥಳ ಹೊಳೆಯುತ್ತಿದ್ದವು. "ಇಷ್ಟೊಂದು ಮಾಲು ಕಂಡ್ರೆ ಹತ್ತು ವರ್ಷದ ಲೆಕ್ಕ ಕೆದಕ್ತಾರೆ. ಅಂಗಡಿ ಬಡವಾಗಿರ್ಬೇಕು. ನೋಡಿದವರ ಕರುಳು ಚುರುಕ್ ಅನ್ಬೇಕು."

"ಕದ್ದಿಲ್ಲ, ಮುಚ್ಚಿಟ್ಟಿಲ್ಲ. ಇದ್ದದ್ದು ಇದ್ದ ಹಾಗೆ ತೋರಿಸಿದ್ರೆ ಏನಂತೆ?" ಎಂದಳು ಹೆಂಡತಿ.

"ನೀನು ಸುಮ್ನಿರಮ್ಮ, ಇದು ವ್ಯವಹಾರ," ಎಂದ ಅಣ್ಣ. ಅವಳು ಒಪ್ಪಲಿಲ್ಲ. ಅಣ್ಣನ ಕಡೆ ನೋಡಿದ ನೋಟದಲ್ಲಿ ಹಾಲು ಒಡೆಯುತ್ತಿತ್ತು.

ಬೀದಿಗೆ ಬೀದಿಯೇ ಟೊಂಕ ಕಟ್ಟಿ ನಿಂತಿತು. ಕ್ಷೌರಿಕ ತೋಳಿನ ತುಂಬ ಗಡಿಯಾರ ಹೊತ್ತು ತನ್ನಂಗಡಿಗೆ ಸಾಗಿಸಿದ. ಎಲ್ಲಕ್ಕಿಂತ ದೊಡ್ಡದನ್ನು, ಹಿತ್ತಾಳೆ ಲೋಲಕದ ಆಳೆತ್ತರದ ಗಡಿಯಾರವನ್ನು, ಕೂಸಿನ ಹಾಗೆ ಅಪ್ಪಿಕೊಂಡು ಹೋಗಿ ಕನ್ನಡಿಯ ಪಕ್ಕ ನಿಲ್ಲಿಸಿದ. ಉಳಿದವು ಹೊಲಿಗೆಯಂಗಡಿಯ ಅಕ್ಕನ ಪಾಲಿಗೆ ಬಂದವು. ಅವಳು ಅರ್ಧವನ್ನು ಗೋಡೆಗೆ ನೇತುಹಾಕಿ, ಮಿಕ್ಕವನ್ನು ಹೊಲಿದಿಟ್ಟ ಅಂಗಿಗಳ ರಾಶಿಯಲ್ಲಿ ಹೂತಳು. ಫ್ಯಾನು ಹೋಯಿತು, ಒಳ್ಳೆಯ ಕುರ್ಚಿ ಹೋಯಿತು, ಅದರ ಜಾಗಕ್ಕೆ ಕುಂಟುವ ಸ್ಟೂಲೊಂದು ಬಂತು. ಅಂಗಡಿಯಲ್ಲಿ ಧೂಳು ಸಾಲದೆಂದು ಭಾವ ಬೀದಿಯಿಂದ ಒಂದು ಬೊಗಸೆ ತಂದು ಮೇಜಿನ ಮೇಲೆ ಉದುರಿಸಿದ. ಅಕ್ಕ ಗಡಿಯಾರದವನ ಮೊಣಕೈಗೆ ತೇಪೆ ಹಾಕಿದಳು. ತೇಪೆ ಬಹಳ ಚಂದ ಬಂತು ಎಂದು ಬೇಸರಪಟ್ಟು, ಬಿಚ್ಚಿ, ಸೊಟ್ಟಗೆ ಹಾಕಿದಳು.

ಕೊನೆಗೆ ಭಾವ ಎಲ್ಲರನ್ನೂ ಹತ್ತಿರ ಕರೆದ.

"ಒಂದು ಮಾತು. ಇವನ ಬಾಯಲ್ಲಿ ಸುಳ್ಳು ನಿಲ್ಲಲ್ಲ. ಹೆದರಿ ಏನಾದ್ರೂ ಒದರಿಬಿಡ್ತಾನೆ. ಇವನೇ ಬಂದು 'ಅದು ನಂದು' ಅಂದ್ರೂ ನೀವು ಒಪ್ಪಬೇಡಿ. 'ಅದು ನಮ್ದು' ಅನ್ನಿ."

"ತಲೆ ಹೋದ್ರೂ ಒಪ್ಪಲ್ಲ," ಎಂದ ಕ್ಷೌರಿಕ. ಆ ಮಾತು ಕೇಳಿ ಗಡಿಯಾರದವನು ಅವನ ಕೈ ಹಿಡಿದುಕೊಂಡ. ಇಂಥ ನೆರೆಹೊರೆ ಯಾರಿಗುಂಟು!

ತೆರಿಗೆಯವರು ಎಂದರೆ ದಂಡಿಗೆ ದಂಡೇ ಬರುವುದೆಂದು ಬೀದಿ ಕಾಯುತ್ತಿತ್ತು. ಬಂದದ್ದು ಒಬ್ಬಳೇ ಹೆಂಗಸು, ತಲೆ ನರೆತ ಸಾಧು ಮುಖದ ಅಧಿಕಾರಿಣಿ. ಬಗಲಲ್ಲಿ ಚೀಲ, ಕೈಯಲ್ಲಿ ಕೊಡೆ. ಒಳಗೆ ಬಂದು ಬರಿಗೋಡೆ ನೋಡಿದಳು, ಸೊಟ್ಟ ತೇಪೆ ನೋಡಿದಳು, ಅರ್ಧ ತಲೆ ನೋಡಿ ಗಾಬರಿಯಾದಳು.

"ಮೈಗೆ ಹುಷಾರಿಲ್ವಾ?"

ಗಡಿಯಾರದವನು ಬಾಯಿ ತೆರೆಯುವ ಮೊದಲೇ ಕ್ಷೌರಿಕ ಹಾಜರಾದ. "ಬಡತನ ಮೇಡಂ. ಅರ್ಧ ಕ್ಷೌರಕ್ಕೇ ಅವನ ಹತ್ರ ದುಡ್ಡಿದ್ದದ್ದು. ಉಳಿದರ್ಧ ಮುಂದಿನ ತಿಂಗಳು."

ಹಿಂದೆಯೇ ಬಂದ ಹೊಲಿಗೆಯ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದು ಗಡಿಯಾರ ಮಾರಿ ಎಷ್ಟು ಕಾಲವಾಯ್ತೋ, ಪಾಪ. ಈ ಅಂಗಡೀಲಿ ನೊಣಾನೂ ಕೂರಲ್ಲ."

ಅಧಿಕಾರಿಣಿ ನಿಟ್ಟುಸಿರಿಟ್ಟು ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ಕುಂಟು ಸ್ಟೂಲಿನ ಮೇಲೆ ಹುಷಾರಾಗಿ ಕೂತು ಚೀಲದಿಂದ ಕಡತ ತೆಗೆದಳು.

"ನಂಗೆ ತುಂಬಾ ಬೇಜಾರಾಗ್ತಿದೆ," ಎಂದಳು. "ನಾನು ಸಂತೋಷದ ಸುದ್ದಿ ತಂದಿದ್ದೆ. ನೀವು ಎಷ್ಟೋ ವರ್ಷದಿಂದ ಕಟ್ಟಬೇಕಾದ್ದಕ್ಕಿಂತ ಹೆಚ್ಚು ತೆರಿಗೆ ಕಟ್ಟಿದ್ದೀರಿ. ಅದನ್ನ ವಾಪಸ್ ಕೊಡಬೇಕು ಅಂತ ಆಗಿದೆ. ಒಳ್ಳೆ ಮೊತ್ತ. ಕೊಡೋ ಮುಂಚೆ ಅಂಗಡಿ ಇದೆಯಾ, ಮಾಲು ಇದೆಯಾ, ವ್ಯಾಪಾರ ನಡೀತಿದೆಯಾ ಅಂತ ಕಣ್ಣಾರೆ ನೋಡ್ಬೇಕು. ನಿಯಮ. ಆದ್ರೆ ಇಲ್ಲಿ ನೋಡಿದ್ರೆ..." ಎಂದು ಬರಿಗೋಡೆಯ ಮೊಳೆಗಳ ಕಡೆ ಕೈಮಾಡಿದಳು.

ಗಡಿಯಾರದವನು ಮೊಳೆಗಳ ಕಡೆ ನೋಡಿದ. ಮರುಕ್ಷಣ ಅವನು ಪುಟಿದೆದ್ದ.

"ಇದೆ ಮೇಡಂ! ಮಾಲಿದೆ! ಎಲ್ಲಾ ಎದುರುಗಡೆ ಇದೆ!"

ಆಗ ಸರಿಯಾಗಿ ಹನ್ನೆರಡಾಯಿತು. ಗಡಿಯಾರದವನು ಕಸುಬಿನಲ್ಲಿ ಬಲು ಕಟ್ಟುನಿಟ್ಟು. ಅವನ ಕೈಯಡಿ ಇದ್ದ ಯಾವ ಗಡಿಯಾರವೂ ಹಿಂದೆ ಬೀಳುತ್ತಿರಲಿಲ್ಲ, ಮುಂದೆ ಓಡುತ್ತಿರಲಿಲ್ಲ. ಕ್ಷೌರದಂಗಡಿಯಿಂದ ಢಣ್ ಎಂದದ್ದಕ್ಕೆ ಹೊಲಿಗೆಯಂಗಡಿಯಿಂದ ಟಿಣ್ ಎಂದು ಉತ್ತರ ಬಂತು, ಅಂಗಿಗಳ ರಾಶಿಯೊಳಗಿಂದ ಗಡಿಯಾರದ ಹಕ್ಕಿಯೊಂದು ಉಸಿರುಗಟ್ಟಿ ಕೂಗಿತು. ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿಯೊಬ್ಬ ನೊರೆಮುಖದಲ್ಲೇ ಹೊರಗೋಡಿ ಬಂದ.

"ಕೇಳಿದ್ರಾ? ಅವೇ! ಅವೆಲ್ಲಾ ನನ್ನವು!" ಎಂದ ಗಡಿಯಾರದವನು. ಅವನಿಗೆ ತನ್ನ ಮಕ್ಕಳೇ ಕರೆದಷ್ಟು ಸಂತೋಷವಾಗಿತ್ತು.

ಅಧಿಕಾರಿಣಿ ಕಡತ ಹಿಡಿದು ಬೀದಿ ದಾಟಿದಳು. ಕ್ಷೌರಿಕನ ಗೋಡೆಯಲ್ಲಿ ಕನ್ನಡಿಗಿಂತ ಗಡಿಯಾರವೇ ಹೆಚ್ಚಿತ್ತು.

"ಇವು ಯಾರವು?"

"ನಮ್ಮವು ಮೇಡಂ. ಸಮಯ ನೋಡ್ಕೊಂಡೇ ಕ್ಷೌರ ಮಾಡೋದು ನಮ್ಮ ಮನೆತನದ ಪದ್ಧತಿ."

"ಅಯ್ಯೋ, ನಿಜ ಹೇಳೋ!" ಎಂದ ಗಡಿಯಾರದವನು. "ಅದು ನಂದು ಅನ್ನೋ!"

ಕ್ಷೌರಿಕ ಅವನ ಕಡೆ ನೋಡಿ ಕಣ್ಣು ಮಿಟುಕಿಸಿದ. ಭಾವನ ಮಾತು ಎಷ್ಟು ಸರಿಯಾಗಿತ್ತು! "ಪಾಪ ಮೇಡಂ, ಕಷ್ಟದಲ್ಲಿ ಬುದ್ಧಿ ಸ್ವಲ್ಪ ಆ ಕಡೆ ಈ ಕಡೆ ಆಗಿದೆ. ಕಂಡದ್ದೆಲ್ಲಾ ನಂದು ಅಂತಾನೆ."

"ಬರೆದು ಸಹಿ ಹಾಕ್ತೀರಾ?"

"ರಕ್ತದಲ್ಲಿ ಬೇಕಾದ್ರೂ ಹಾಕ್ತೀನಿ."

ಗಡಿಯಾರದವನು ಅವನ ಕೈ ಹಿಡಿದೆಳೆದ. ಹಿಡಿದಷ್ಟೂ ಕ್ಷೌರಿಕನ ನಿಷ್ಠೆ ಹೆಚ್ಚಿತು. ಪೆನ್ನು ಒತ್ತಿ ಸಹಿ ಹಾಕಿದ. ಹೊಲಿಗೆಯ ಅಕ್ಕನೂ ಹಿಂದೆ ಬೀಳಲಿಲ್ಲ. ಎಲ್ಲವೂ ತನ್ನ ಮದುವೆಗೆ ಬಂದ ಉಡುಗೊರೆ ಎಂದಳು. ಇಷ್ಟೊಂದಾ ಎಂದು ಕೇಳಿದ್ದಕ್ಕೆ, "ನಮ್ಮದು ದೊಡ್ಡ ಬಳಗ," ಎಂದು ಸಹಿ ಹಾಕಿದಳು. ಭಾವ ಕಂಬದ ಮರೆಯಲ್ಲಿ ನಿಂತು ಹೆಮ್ಮೆಯಿಂದ ತಲೆದೂಗಿದ.

ಅಷ್ಟರಲ್ಲಿ, ಅಂಗಡಿಯೊಳಗಿದ್ದು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಖರೀದಿ ರಸೀದಿಗಳ ಕಟ್ಟು ಹಿಡಿದು ಓಡಿ ಬಂದಳು. ಅಧಿಕಾರಿಣಿ ತಾಳ್ಮೆಯಿಂದ ತಿರುವಿ ನೋಡಿದಳು. "ಗೋಡೆ ಗಡಿಯಾರ ಅಂತಿದೆ. ಯಾವ ಗೋಡೆ ಗಡಿಯಾರ? ಇವರದ್ದೂ ಗೋಡೆ ಗಡಿಯಾರವೇ ಅಲ್ವೇನಮ್ಮ?"

ಹೆಂಡತಿ ಬೀದಿಯ ಮಧ್ಯೆ ನಿಂತು, ಹಣ ವಾಪಸ್ ಬರುವುದಿತ್ತೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಕ್ಷೌರಿಕನ ಕೈಯಿಂದ ಕತ್ತರಿ ಜಾರಿತು. ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಕಂಬದ ಮರೆಯಲ್ಲಿ ಈಗ ಕಂಬ ಮಾತ್ರ ಇತ್ತು.

"ಮೇಡಂ, ಅವನದ್ದೇ! ಎಲ್ಲಾ ಅವನದ್ದೇ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

"ಹಾಗಾದ್ರೆ ಈಗ ಸಹಿ ಹಾಕಿದ್ದು ಸುಳ್ಳು ಹೇಳಿಕೆ. ಅದಕ್ಕೆ ಬೇರೆ ಶಿಕ್ಷೆ ಇದೆ. ಬರ್ಕೊಳ್ಳಲಾ?"

ಇಬ್ಬರೂ ಗಡಿಯಾರದವನ ಮುಖ ನೋಡಿದರು. ಅವನು ಕ್ಷೌರಿಕನ ಹೆದರಿದ ಕಣ್ಣು ನೋಡಿದ, ಅಕ್ಕನ ಕೈಯಲ್ಲಿ ಮುದುಡಿದ ಸೆರಗು ನೋಡಿದ. ತನಗಾಗಿಯೇ ತಾನೇ ಇವರು ಕೊರಳು ಕೊಟ್ಟದ್ದು! ಹೊಟ್ಟೆ ಉರಿಯುತ್ತಿತ್ತು, ಆದರೂ ಪ್ರೀತಿ ಉಕ್ಕಿತು.

"ಬೇಡ ಮೇಡಂ," ಎಂದ. "ಅವು ಅವರವೇ."

ಅಧಿಕಾರಿಣಿ ಕಡತ ಮುಚ್ಚಿದಳು. ಮಾಲಿಲ್ಲದ ಅಂಗಡಿಗೆ ಹಣ ವಾಪಸ್ ಇಲ್ಲ ಎಂದಳು. ಹೋಗುವ ಮುನ್ನ ಅವನಿಗೊಂದು ಉಪಾಯವನ್ನೂ ಹೇಳಿದಳು, ಒಳ್ಳೆಯ ಮನಸ್ಸಿನಿಂದಲೇ. "ವ್ಯಾಪಾರ ಮತ್ತೆ ಶುರು ಮಾಡಿ. ಇವರ ಹತ್ರ ಇಷ್ಟೊಂದು ಗಡಿಯಾರ ಬಿದ್ದಿದೆಯಲ್ಲ, ಕೊಂಡ್ಕೊಳ್ಳಿ. ಆದ್ರೆ ಬಿಲ್ಲು ತಗೊಳ್ಳಿ, ತೆರಿಗೆ ಕಟ್ಟಿ."

ಸಂಜೆ ಗಡಿಯಾರದವನು ಹೆಂಡತಿಯ ಜೊತೆ ಹೋಗಿ ತನ್ನ ಗಡಿಯಾರಗಳನ್ನು ಒಂದೊಂದಾಗಿ ಕೊಂಡ. ಹೊಲಿಗೆಯ ಅಕ್ಕ ಅಳುತ್ತಲೇ, ತೆರಿಗೆಗೆ ಸಾಕಾಗುವಷ್ಟು ಮಾತ್ರ ದುಡ್ಡು ತೆಗೆದುಕೊಂಡಳು. ಕ್ಷೌರಿಕನೂ ಹಾಗೆಯೇ ಮಾಡಿ, ಮಾಲನ್ನು ತಾನೇ ಹೊತ್ತು ತಂದು ಮೊಳೆಗಳಿಗೆ ತೂಗುಹಾಕಿದ. ಎಲ್ಲ ಮುಗಿದ ಮೇಲೆ ಹೆಂಡತಿ ಗೋಡೆ ನೋಡಿ, "ದೊಡ್ಡದು ಎಲ್ಲಿ?" ಎಂದಳು.

ಕ್ಷೌರಿಕ ನೆಲ ನೋಡುತ್ತ ತಲೆ ಕೆರೆದುಕೊಂಡ.

"ಅದೊಂದು ಮಾರಲ್ಲ, ಅತ್ತಿಗೆ. ಬಂದ ಗಿರಾಕಿಗಳೆಲ್ಲಾ ಹೊಗಳಿದ್ದೇ ಹೊಗಳಿದ್ದು, ನಂಗೂ ಯಾಕೋ ಒಗ್ಗಿಹೋಗಿದೆ." ಆಮೇಲೆ ಗಡಿಯಾರದವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ. "ನೀನೇನೂ ಬೇಜಾರು ಮಾಡ್ಕೋಬೇಡ. ಕೆಟ್ಟು ನಿಂತ್ರೆ ರಿಪೇರಿಗೆ ನಿನ್ನ ಹತ್ರಾನೇ ತರ್ತೀನಿ. ಬೇರೆ ಅಂಗಡಿ ಮೆಟ್ಟಿಲು ಹತ್ತಿದ್ರೆ ಕೇಳು."