ಐದನೆಯ ಪೆಟ್ಟು

ಯುದ್ಧದ ಕಾಲದಲ್ಲಿ ನಾನು ಕೊಪ್ಪದ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಲೆಕ್ಕ, ಚರಿತ್ರೆಗಳ ಜೊತೆಗೆ ವಾರಕ್ಕೆ ಎರಡು ಅವಧಿ ಸಂಗೀತ ಕಲಿಸಲು ಹೆಡ್‌ಮಾಸ್ಟರರ ಬೆನ್ನು ಹತ್ತಿ ಅಪ್ಪಣೆ ಪಡೆದಿದ್ದೆ. ಅದು ತಾತ್ಕಾಲಿಕ. ಮಂಡ್ಯದಿಂದ ಇನ್ಸ್‌ಪೆಕ್ಟರು ಬಂದು ನೋಡಿ ಮೆಚ್ಚಿದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಮಟ್ಟಿಗೆ ಬದುಕೆಂದರೆ ಆ ಎರಡು ಅವಧಿಯೇ. ಉಳಿದದ್ದೆಲ್ಲ ಬರಿಯ ನೌಕರಿ.

ಇನ್ಸ್‌ಪೆಕ್ಟರು ಬರುವ ದಿನಕ್ಕೆಂದು ನಾನೇ ಹೊಸದೊಂದು ಕೃತಿ ರಚಿಸಿದೆ. ಸರಸ್ವತಿಯ ಮೇಲೆ, ಐದೈದು ಪೆಟ್ಟಿನ ಖಂಡಚಾಪು ತಾಳದಲ್ಲಿ. ಹಳೆಯವರ ಕೃತಿಗಳನ್ನೇ ಎಷ್ಟು ದಿನ ಹಾಡುವುದು, ಹೊಸ ಸಂಗೀತ ಹಳ್ಳಿಗೂ ಬರಲಿ ಎಂಬುದು ನನ್ನ ಘನ ಉದ್ದೇಶ. ಅದಕ್ಕೆ ಮುಂಚೆ ಒಮ್ಮೆ ಚಾವಡಿಯಲ್ಲಿ ಊರವರನ್ನು ಕೂರಿಸಿ ಮುಕ್ಕಾಲು ಗಂಟೆ ಪಿಟೀಲಿನಲ್ಲಿ ನುಡಿಸಿದೆ. ಮುಗಿಸಿ ಕಮಾನು ಕೆಳಗಿಟ್ಟಾಗ, ಕೋಲಾಟದ ತಂಡದ ಯಜಮಾನ ಪುಟ್ಟೇಗೌಡರು ಬಹಳ ವಿನಯದಿಂದ, “ಸ್ರುತಿ ಕೂಡಿಸ್ಕೊಂಡಿದ್ದು ಸಾಕು ಮೇಷ್ಟ್ರೇ, ಇನ್ನು ಸುರು ಮಾಡಿ” ಎಂದರು.

ಜನರನ್ನು ತಲುಪಬೇಕಾದರೆ ಜನರ ಕಲೆಯೊಡನೆ ಬೆರೆಯಬೇಕೆಂದು ಆಗ ನನಗೆ ಹೊಳೆಯಿತು. ಇನ್ಸ್‌ಪೆಕ್ಟರ ಮುಂದೆ ನನ್ನ ಕೃತಿಗೆ ಪುಟ್ಟೇಗೌಡರ ತಂಡದವರು ಕೋಲು ಹಾಕುವುದೆಂದು ನಿಶ್ಚಯವಾಯಿತು. ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ.

“ಅವರದ್ದು ನಾಲ್ಕರ ಲೆಕ್ಕ, ನಿಮ್ಮದು ಐದು. ಮಿಕ್ಕಿದ ಒಂದು ಪೆಟ್ಟು ಎಲ್ಲಿ ಬೀಳುತ್ತೆ ಅಂತ ಯೋಚನೆ ಮಾಡಿದ್ದೀರಾ?” ಎಂದು ಹೆಂಡತಿ ಶಾರದೆ ಕೇಳಿದಳು. ಲಯಶಾಸ್ತ್ರ ಅಡುಗೆಮನೆಗೆ ನಿಲುಕದು ಎಂದು ನಕ್ಕೆ.

ಅದು ಬೆರಳಿನ ಮೇಲೆ ಬಿತ್ತು!

ಮೊದಲ ಅಭ್ಯಾಸದಲ್ಲೇ ಆರು ಜನರ ಬೆರಳು ಊದಿಕೊಂಡವು. ಮರುದಿನ ಅವರಿಗೆ ಹಾಲು ಕರೆಯಲಾಗದೆ, ಅವರ ಹೆಂಗಸರು ನಮ್ಮ ಬಾಗಿಲಿಗೆ ಬಂದು ನನ್ನನ್ನು ವಿಚಾರಿಸಿಕೊಂಡರು. ವಿಚಾರಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯಲಾರೆ. ಮಾಡಿ ತೋರಿಸದೆ ಬರಿದೆ ಹೇಳಿದ್ದೇ ತಪ್ಪೆಂದು ತೀರ್ಮಾನಿಸಿ, ಸಂಜೆ ನಾನೇ ಕೋಲು ಹಿಡಿದು ನಡುವೆ ನಿಂತೆ. ನನ್ನ ಎಡಗೈಯ ಎರಡು ಬೆರಳು ಜಜ್ಜಿಹೋದವು. ತಂತಿ ಒತ್ತುವ ಬೆರಳುಗಳೇ.

ಬಾಯಲ್ಲಿ ‘ತಕ ತಕಿಟ’ ಎಂದುಕೊಂಡು ಹೊಡೆಯಿರಿ ಎಂದು ನರಳುತ್ತಲೇ ಹೇಳಿದೆ.

“ಅದು ನಮ್ ಬಾಯಿಗೆ ಬರಾಕಿಲ್ಲ. ‘ಕಬ್ಬು ಕಡಿಯೋ’ ಅಂದ್ರೆ ಆಯ್ತದಾ?” ಎಂದರು ಪುಟ್ಟೇಗೌಡರು.

ಎಣಿಸಿ ನೋಡಿದೆ. ಎರಡು, ಮೂರು, ಸರಿಯಾಗಿ ಐದು! ಅರ್ಧ ಗಂಟೆಯಲ್ಲಿ ಕೋಲುಗಳು ಕೂಡಿದವು. ಸಂತೋಷ ತಡೆಯಲಾರದೆ ಪುಟ್ಟೇಗೌಡರನ್ನು ತಬ್ಬಿಕೊಂಡೆ.

ಇನ್ಸ್‌ಪೆಕ್ಟರು ಬಂದರು. ನನ್ನ ಬೆರಳಿಗೆ ಬಟ್ಟೆ ಸುತ್ತಿದ್ದರಿಂದ ಪಿಟೀಲು ಪೆಟ್ಟಿಗೆಯಲ್ಲೇ ಉಳಿಯಿತು. ಬರಿಯ ಗಂಟಲಿನಲ್ಲಿ ಸರಸ್ವತಿಯನ್ನು ಕರೆದೆ. ಹದಿನಾರು ಜನ ಒಟ್ಟಿಗೆ ‘ಕಬ್ಬು ಕಡಿಯೋ’ ಎಂದು ಕೂಗಿದರು. ಆಮೇಲೆ ಸರಸ್ವತಿ ಯಾರಿಗೂ ಕೇಳಿಸಲಿಲ್ಲ, ನನಗೂ. ಇನ್ಸ್‌ಪೆಕ್ಟರ ಬೂಟು ಮಾತ್ರ ತಾಳ ತಪ್ಪದೆ ನೆಲ ತಟ್ಟುತ್ತಿತ್ತು. ಭೇಷ್, ಮುಂದೇನು ಎಂದು ಕೇಳಿದರು. ಮುಂದೇನೂ ಇರಲಿಲ್ಲ. ಪುಟ್ಟೇಗೌಡರು ಬಿಡುತ್ತಾರೆಯೇ? ‘ಬೆಲ್ಲ ಕಾಸಿರೋ’ ಎಂದು ಎತ್ತಿಕೊಂಡರು. ಅಲ್ಲಿಂದ ಗೊಬ್ಬರ, ನಾಟಿ, ನೀರು ಎಲ್ಲವೂ ಹಾಡಿನಲ್ಲಿ ಬಂದವು.

ಆ ವರ್ಷ ಸರ್ಕಾರಕ್ಕೆ ಬೆಳೆ ಹೆಚ್ಚಿಸುವ ಹುಚ್ಚು ಹಿಡಿದಿತ್ತು. ವಾರದ ಮೇಲೆ ಬಂದ ವರದಿಯನ್ನು ಹೆಡ್‌ಮಾಸ್ಟರು ಓದಿದರು. ಬೇಸಾಯದ ಪಾಠವನ್ನು ಕುಣಿತದ ಮೂಲಕ ಕಲಿಸುವ ಈ ಉಪಾಧ್ಯಾಯರ ಕ್ರಮ ಪ್ರಶಂಸನೀಯವಾಗಿದ್ದು, ಸಂಗೀತದ ಎರಡೂ ಅವಧಿಗಳನ್ನು ಇನ್ನು ಮುಂದೆ ಇವರಿಂದಲೇ ಬೇಸಾಯಕ್ಕೆ ವಿನಿಯೋಗಿಸತಕ್ಕದ್ದು! ನನಗೆ ನಿಜವಾಗಿಯೂ ಅಳು ಬಂತು. ಮನೆಯಲ್ಲಿ ಶಾರದೆ ಕಾಫಿ ಕೊಟ್ಟು, ನನ್ನ ಬೆರಳಿನ ಬಟ್ಟೆ ಬಿಚ್ಚಿ ಹೊಸದು ಸುತ್ತಿದಳು.

ಸೋಮವಾರ ಮಕ್ಕಳನ್ನು ಶಾಲೆಯ ಹಿಂದಿನ ಹೊಲಕ್ಕೆ ಕರೆದೊಯ್ದು, ಎಳೆಯ ಪೈರೊಂದನ್ನು ಹಿಡಿದುಕೊಂಡು ಕಬ್ಬಿನ ಗುಣವಿಶೇಷಗಳನ್ನು ಗಂಭೀರವಾಗಿ ವಿವರಿಸಿದೆ. ಬದುವಿನ ಮೇಲೆ ಹೋಗುತ್ತಿದ್ದ ಪುಟ್ಟೇಗೌಡರು ನಿಂತು ಪೂರ್ತಿ ಕೇಳಿದರು.

“ಪಾಠ ಚೆಂದಾಗದೆ ಮೇಷ್ಟ್ರೇ. ಆದ್ರೆ ಅದು ಜೋಳ” ಎಂದರು.

ಮಕ್ಕಳು ಅದನ್ನೂ ಬರೆದುಕೊಂಡರು.